ಎಸ್ಸೆಸ್ಸೆಲ್ಸಿ ನಂತರದ ಓದಿಗೆ ಶಾಲೆಯಲ್ಲೇ ಮಾರ್ಗದರ್ಶನ ಒದಗಿಸುವಂತೆ ಕೋರಿ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಹಾಗೂ ಕಾರ್ಯದರ್ಶಿಗಳು,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ,
ಕಲಬುರಗಿ.

ಇವರಿಂದ,
ಕಲಬುರಗಿ ನಗರ ಮತ್ತು ಕಮಲಾಪುರ ತಾಲ್ಲೂಕಿನ ಪ್ರೌಢಶಾಲಾ ಮಕ್ಕಳ ಪಾಲಕರು ಹಾಗೂ ಶಿಕ್ಷಕರು.

ವಿಷಯ: ಪ್ರೌಢಶಾಲೆ ಮುಗಿಸುವ ಮಕ್ಕಳಿಗೆ ಮುಂದಿನ ವ್ಯಾಸಂಗದ ಮಾರ್ಗದರ್ಶಕರನ್ನು ನೇಮಿಸುವ ಹಾಗೂ 371(ಜೆ) ಪ್ರಮಾಣಪತ್ರವನ್ನು ಶಾಲೆಯ ಮೂಲಕವೇ ವಿತರಿಸುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಕಲಬುರಗಿ ಜಿಲ್ಲೆ ಶೇ 42.43 ಫಲಿತಾಂಶದೊಂದಿಗೆ ರಾಜ್ಯದಲ್ಲೇ ಕೊನೆಯ ಸ್ಥಾನಕ್ಕಿಳಿಯಿತು. ಅದರ ಬಗ್ಗೆ ಸಭೆಗಳು ನಡೆದಿವೆ, ನೋಟಿಸುಗಳು ಹೋಗಿವೆ. ಆದರೆ ಪಾಸಾದ ಮಗು ಎಲ್ಲಿಗೆ ಹೋಯಿತು, ಫೇಲಾದ ಮಗು ಏನಾಯಿತು ಎಂದು ಕೇಳುವ ಹೊಣೆ ಇಂದಿಗೂ ಯಾರ ಮೇಲೂ ಇಲ್ಲ. ಈ ಮನವಿ ಆ ಹೊಣೆಯ ಬಗ್ಗೆ.

ಫಲಿತಾಂಶ ಬಂದ ವಾರದಲ್ಲಿ ಕಮಲಾಪುರದ ಯಾವುದೇ ಆನ್‌ಲೈನ್ ಸೆಂಟರ್ ಮುಂದೆ ನಿಂತು ನೋಡಬೇಕು. ಅಂಕಪಟ್ಟಿಯ ಪ್ರಿಂಟ್ ಕೈಯಲ್ಲಿ ಹಿಡಿದ ಹುಡುಗ, ಪಕ್ಕದಲ್ಲಿ ಹೊಲದ ಕೆಲಸ ಬಿಟ್ಟು ಬಂದ ತಂದೆ. 'ಯಾವ ಕಾಂಬಿನೇಷನ್?' ಎಂದು ಸೆಂಟರಿನವರು ಕೇಳುತ್ತಾರೆ. ಹುಡುಗ ತಂದೆಯ ಮುಖ ನೋಡುತ್ತಾನೆ, ತಂದೆ ಸೆಂಟರಿನವರ ಮುಖ ನೋಡುತ್ತಾರೆ. 'ಎಲ್ಲಾರೂ ಏನು ತಗೊಂಡಾರೋ ಅದೇ ಹಾಕ್ರಿ' ಎಂಬಲ್ಲಿಗೆ ಒಂದು ಬದುಕಿನ ದಿಕ್ಕು ತೀರ್ಮಾನವಾಗುತ್ತದೆ. ಅವರಲ್ಲಿ ಯಾರದೂ ತಪ್ಪಿಲ್ಲ. ಹೇಳಬೇಕಾದವರು ಅಲ್ಲಿ ಇರಲಿಲ್ಲ, ಅಷ್ಟೇ.

ಆ ತೀರ್ಮಾನದ ಪರಿಣಾಮ ಎರಡು ವರ್ಷ ಬಿಟ್ಟು ತಿಳಿಯುತ್ತದೆ. ಉದಾಹರಣೆಗೆ, ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ. ಆ ಬಾಳೆ ಬೆಳೆಯುವ ರೈತನ ಮಗಳಿಗೆ ಕೃಷಿ ಪದವಿ ಓದುವ ಆಸೆ ಇದ್ದರೆ, ರೈತರ ಮಕ್ಕಳ ಕೋಟಾ ಇದೆ, ಕಲಬುರಗಿಯಲ್ಲೇ ಕೃಷಿ ಮಹಾವಿದ್ಯಾಲಯವಿದೆ. ಆದರೆ ಪಿಯುಸಿಯಲ್ಲಿ ಕಲಾ ವಿಭಾಗ ಸೇರಿದ ದಿನವೇ ಆ ಬಾಗಿಲು ಮುಚ್ಚಿರುತ್ತದೆ. ಹತ್ತನೇ ತರಗತಿಯ ನಂತರ ಕನ್ನಡ ಮಾಧ್ಯಮದಲ್ಲೇ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆಯೆಂಬುದು ಅವಳ ಕಿವಿಗೇ ಬಿದ್ದಿರುವುದಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವರು ನೇರ ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ನಗರದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ಎಸ್ಸೆಸ್ಸೆಲ್ಸಿ ಆದವರಿಗೆ ಟೂಲ್ ಅಂಡ್ ಡೈ ಡಿಪ್ಲೊಮಾ ಇದೆ. ಐಟಿಐ ಎಂದರೆ 'ದಡ್ಡರು ಹೋಗುವ ಜಾಗ' ಎಂಬ ಮಾತು ಮಾತ್ರ ಎಲ್ಲ ಊರಿಗೂ ತಲುಪಿದೆ.

ಇನ್ನು 371(ಜೆ) ವಿಧಿಯ ಮಾತು. ವೈಜನಾಥ ಪಾಟೀಲರಂಥ ಹಿರಿಯರು ದಶಕಗಳ ಕಾಲ ಹೋರಾಡಿದ ಮೇಲೆ, ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಈ ಭಾಗಕ್ಕೆ ಸಿಕ್ಕ ಹಕ್ಕು ಅದು. 2013ರ ಆದೇಶದಂತೆ ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಸ್ಥಳೀಯರಿಗೆ ಮೀಸಲು. ಈ ಹಕ್ಕು ಕೈಗೆ ಬರಲು ಒಂದು ಕಾಗದ ಬೇಕು, ಅದಕ್ಕೆ ಸಹಾಯಕ ಆಯುಕ್ತರ ಸಹಿ ಬೇಕು. ಅರ್ಜಿ, ತಹಶೀಲ್ದಾರರ ವರದಿ, ಸಹಿ, ಇಷ್ಟರಲ್ಲಿ ಕೂಲಿ ಮಾಡುವ ತಂದೆಯ ಎಷ್ಟೋ ದಿನದ ಪಗಾರ ಹೋಗುತ್ತದೆ. ಬಹಳ ಮನೆಗಳಿಗೆ ಈ ಕಾಗದದ ನೆನಪಾಗುವುದೇ ಸಿಇಟಿ ಅರ್ಜಿ ತುಂಬುವಾಗ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದವರಿಗಿರುವ ಗ್ರಾಮೀಣ ಹಾಗೂ ಕನ್ನಡ ಮಾಧ್ಯಮ ಮೀಸಲಾತಿಯ ಕಥೆಯೂ ಇದೇ. ಅಷ್ಟು ದೊಡ್ಡ ಹೋರಾಟದ ಫಲ ಒಂದು ಪ್ರಮಾಣಪತ್ರ ತಡವಾದ ಕಾರಣಕ್ಕೆ ಕೈತಪ್ಪುವುದನ್ನು ನಾವು ಒಪ್ಪಲಾರೆವು.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ ಇದು: ಪ್ರತಿ ಹತ್ತು ಪ್ರೌಢಶಾಲೆಗಳಿಗೆ ಒಬ್ಬರಂತೆ, ಬೇರೆ ಯಾವ ಕೆಲಸವನ್ನೂ ಹಚ್ಚದ, ತರಬೇತಿ ಪಡೆದ ಮಾರ್ಗದರ್ಶಕರನ್ನು ಮಂಡಳಿಯ ಅನುದಾನದಲ್ಲಿ ನೇಮಿಸಬೇಕು. ಪಾಠ ಮಾಡುವ ಶಿಕ್ಷಕರಿಗೇ ಇದನ್ನೂ ಹೊರಿಸಿದರೆ ಅದು ಇನ್ನೊಂದು ರಿಜಿಸ್ಟರ್ ಆಗಿ ಉಳಿಯುತ್ತದೆ. ಮಾರ್ಗದರ್ಶಕರು ಒಂಬತ್ತನೇ ತರಗತಿಯಿಂದಲೇ ಮಕ್ಕಳೊಂದಿಗೆ, ವರ್ಷಕ್ಕೆ ಎರಡು ಬಾರಿಯಾದರೂ ಪಾಲಕರೊಂದಿಗೆ ಕುಳಿತು ಮಾತಾಡಬೇಕು. ನಗರದ ಉರ್ದು ಮಾಧ್ಯಮ ಶಾಲೆಗಳಲ್ಲಿ ಉರ್ದುವಿನಲ್ಲಿ, ಕಮಲಾಪುರದ ತಾಂಡಾಗಳಲ್ಲಿ ಲಂಬಾಣಿಯಲ್ಲಿ ಆ ಮಾತು ನಡೆಯಬೇಕು. ತಾಂಡಾದ ಪಾಲಕರು ಗುಳೆ ಹೋಗಿರುವ ತಿಂಗಳಲ್ಲಿ ಸಭೆ ಕರೆದು 'ಯಾರೂ ಬರಲಿಲ್ಲ' ಎಂದು ಬರೆದುಕೊಳ್ಳುವುದು ಬೇಡ.

371(ಜೆ), ಜಾತಿ-ಆದಾಯ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಗಳಿಗೆ ಹತ್ತನೇ ತರಗತಿಯ ಮೊದಲ ಅವಧಿಯಲ್ಲೇ ಶಾಲೆಯಲ್ಲಿ ಅರ್ಜಿ ಪಡೆದು, ಕಂದಾಯ ಹಾಗೂ ಶಿಕ್ಷಣ ಇಲಾಖೆಗಳು ಅಲ್ಲಿಯೇ ಶಿಬಿರ ನಡೆಸಿ ವಿತರಿಸಬೇಕು.

ಫೇಲಾದ ಮಕ್ಕಳನ್ನು ಬಿಟ್ಟು ಈ ಯೋಜನೆ ಮಾಡಬಾರದು. ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದ್ದರೂ, ಅಷ್ಟರಲ್ಲಿ ಹುಡುಗ ಪುಣೆಯ ಕಟ್ಟಡ ಕೆಲಸಕ್ಕೆ ಹೋಗಿರುತ್ತಾನೆ, ಹುಡುಗಿಗೆ ಗಂಡು ನೋಡಲು ಶುರುವಾಗಿರುತ್ತದೆ. ಫಲಿತಾಂಶ ಬಂದ ವಾರದೊಳಗೆ ಪ್ರತಿ ಮಗುವಿನ ಮನೆಗೆ ಒಬ್ಬರು ಹೋಗಲೇಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತವಾಗಿದೆ, ಅದಕ್ಕೆ ಕೃತಜ್ಞರಿದ್ದೇವೆ. ಆದರೆ ಬಸ್ಸು ಕಾಲೇಜಿನ ವೇಳೆಗೆ ಬಾರದಿದ್ದರೆ ಉಚಿತ ಟಿಕೆಟ್ಟಿನಿಂದ ಏನು ಪ್ರಯೋಜನ? ಮಹಾಗಾಂವ ಕ್ರಾಸ್ ಮತ್ತು ಒಳಹಳ್ಳಿಗಳಿಂದ ನಗರದ ಕಾಲೇಜು, ಪಾಲಿಟೆಕ್ನಿಕ್ ವೇಳೆಗೆ ಹೊಂದುವಂತೆ ಬಸ್ಸು ಬಿಡಿಸಲು ಮಂಡಳಿಯು ಸಾರಿಗೆ ನಿಗಮಕ್ಕೆ ಬರೆಯಬೇಕು. ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್‌ಗಳಲ್ಲಿ ಸೀಟು ಹೆಚ್ಚಿಸಬೇಕು.

ಹಣವಿಲ್ಲ ಎಂಬ ಉತ್ತರ ಬಾರದೆಂದು ನಂಬಿದ್ದೇವೆ. 'ಅಕ್ಷರ ಆವಿಷ್ಕಾರ' ಕಾರ್ಯಕ್ರಮದ ಹೆಸರಿನಲ್ಲಿ ಮಂಡಳಿಯೇ ತನ್ನ ಅನುದಾನದ ಶೇ 25ರಷ್ಟನ್ನು ಶಿಕ್ಷಣಕ್ಕೆ ಮೀಸಲಿಟ್ಟಿದೆ. ಕೋಣೆ ಕಟ್ಟಿಸುವುದು ಬೇಕು, ಆದರೆ ಆ ಕೋಣೆಯಿಂದ ಹೊರಬೀಳುವ ಮಗುವಿಗೆ ದಾರಿ ಹೇಳುವವರ ಸಂಬಳವೂ ಶಿಕ್ಷಣದ ಖರ್ಚೇ.

ಈ ಕೆಲಸವನ್ನು ಮೊದಲು ಕಲಬುರಗಿ ನಗರ ಮತ್ತು ಕಮಲಾಪುರದಲ್ಲಿ ಆರಂಭಿಸಿ, ಮುಂದಿನ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಮುನ್ನ ಮಾರ್ಗದರ್ಶಕರು ಶಾಲೆಗಳಲ್ಲಿರುವಂತೆ ಕ್ರಮ ಕೈಗೊಳ್ಳಬೇಕೆಂದು, ಕೈಗೊಂಡ ಕ್ರಮವನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.



ತಮ್ಮ ವಿಶ್ವಾಸಿಗಳು,
(ಪಾಲಕರು ಹಾಗೂ ಶಿಕ್ಷಕರ ಸಹಿಗಳು)
ಸ್ಥಳ: ಕಲಬುರಗಿ

ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳು, ಕಲಬುರಗಿ, ಮಾನ್ಯ ಅಪರ ಆಯುಕ್ತರು, ಶಾಲಾ ಶಿಕ್ಷಣ ಇಲಾಖೆ, ಕಲಬುರಗಿ, ತಹಶೀಲ್ದಾರರು, ಕಮಲಾಪುರ.