ಕಡತ ಬಂದಿತು, ಅಕ್ಷರ ಬರಲಿಲ್ಲ

ಮನೆ ಬದಲಾಯಿಸುವವರು ಸಾಮಾನು ಕಟ್ಟುವಾಗ ತೋರುವ ಉತ್ಸಾಹವನ್ನು ಹೊಸ ಮನೆಯಲ್ಲಿ ಗಂಟು ಬಿಚ್ಚುವಾಗ ತೋರುವುದಿಲ್ಲವೆಂಬುದು ವಾಚಕರು ಬಲ್ಲ ಸಂಗತಿಯೇ. ಗಣಕಯಂತ್ರದ ವಿಷಯದಲ್ಲಿಯೂ ಹಾಗೆಯೇ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತಷ್ಟೆ. ಅದರ ಹಿಂದೆ ಮುಂದೆ ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿ, ಕಾಲೇಜುಗಳಲ್ಲಿ, ಡಿ.ಟಿ.ಪಿ. ಅಂಗಡಿಗಳಲ್ಲಿ ಹಳೆಯದನ್ನು ಒರಸಿ ಹೊಸದನ್ನು ತುಂಬುವ ಗೃಹಪ್ರವೇಶಗಳು ನಡೆದುವು. ಬೀದಿಯ ಮಾತಿನಲ್ಲಿ ಇದಕ್ಕೆ ‘ಫಾರ್ಮ್ಯಾಟ್ ಹೊಡೆಸುವುದು’ ಎಂದು ಹೆಸರು. ಹೊಡೆಯುವ ಮುನ್ನ ಅಂಗಡಿಯ ಹುಡುಗ, “ಸಾರ್, ಬ್ಯಾಕಪ್ ತಗೊಂಡಿದ್ದೀರಾ?” ಎಂದು ಕೇಳುತ್ತಾನೆ. “ಆಗಿದೆಯಪ್ಪಾ” ಎಂದು ನಾವು ತಲೆಯಾಡಿಸುತ್ತೇವೆ. ಆ ಗಂಟಿನಿಂದ ಏನೇನು ಹಿಂದಿರುಗಿ ಬರುತ್ತದೆ, ಏನೇನು ಬರುವುದಿಲ್ಲ ಎಂದು ಅವನೂ ಕೇಳುವುದಿಲ್ಲ, ನಾವೂ ಕೇಳಿಕೊಳ್ಳುವುದಿಲ್ಲ.

ಮೊದಲ ಮಾತು: ಕಡತ ಬೇರೆ, ತಂತ್ರಾಂಶ ಬೇರೆ. ಪತ್ರ, ಚಿತ್ರ, ಹಾಡು ಮುಂತಾದುವು ಪೆಟ್ಟಿಗೆಯಲ್ಲಿ ಮಡಿಸಿಟ್ಟ ಬಟ್ಟೆಗಳಂತೆ; ಎಲ್ಲಿಗೆ ಒಯ್ದರೂ ಬಟ್ಟೆಯೇ. ತಂತ್ರಾಂಶವಾದರೋ ಬೇರು ಬಿಟ್ಟ ಗಿಡ. ಅದರ ಕಾಂಡ ‘ಪ್ರೋಗ್ರಾಮ್ ಫೈಲ್ಸ್’ ಎಂಬ ಕೋಶದಲ್ಲಿ ಕಾಣುತ್ತದೆ; ಆದರೆ ಬೇರುಗಳು ‘ರಿಜಿಸ್ಟ್ರಿ’ ಎಂಬ ದಫ್ತರಿನಲ್ಲಿಯೂ ‘ಆಪ್‌ಡೇಟಾ’ ಎಂಬ ಕಣ್ಣಿಗೆ ಬೀಳದ ಕೋಶದಲ್ಲಿಯೂ ಹರಡಿರುತ್ತವೆ. ಕಾಂಡವನ್ನಷ್ಟೇ ಕಡಿದು ತಂದು ಹೊಸ ಅಂಗಳದಲ್ಲಿ ನೆಟ್ಟರೆ ಅದು ಚಿಗುರುವುದು ಅಪರೂಪ. ಆದುದರಿಂದ ತಂತ್ರಾಂಶಗಳನ್ನು ಮೂಲ ಸ್ಥಾಪಕ ಕಡತದಿಂದಲೇ ಮತ್ತೆ ಹಾಕಿಕೊಳ್ಳಬೇಕು. ಹಣ ಕೊಟ್ಟು ಕೊಂಡವುಗಳಿಗೆ ಪರವಾನಗಿಯ ಸಂಖ್ಯೆಯೂ ಕೈಯಲ್ಲಿರಬೇಕು. ಏನೇನು ಇತ್ತೆಂಬ ಪಟ್ಟಿಯನ್ನು ಒರಸುವ ಮುನ್ನವೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡವರು ಜಾಣರು. ವಿಂಡೋಸಿನ ‘ವಿಂಗೆಟ್’ ಎಂಬ ಆಜ್ಞೆಯೂ ಇಂತಹ ಪಟ್ಟಿಯನ್ನು ಮಾಡಿಕೊಡಬಲ್ಲದು; ನನಗಂತೂ ಹಾಳೆಯ ಮೇಲೆಯೇ ನೆಚ್ಚಿಕೆ ಹೆಚ್ಚು.

ಆ ಕಣ್ಣಿಗೆ ಬೀಳದ ಆಪ್‌ಡೇಟಾವನ್ನು ಅನೇಕರು ಮರೆಯುತ್ತಾರೆ. ಥಂಡರ್‌ಬರ್ಡ್ ಎಂಬ ಅಂಚೆಯ ತಂತ್ರಾಂಶದಲ್ಲಿ ಓಲೆಗಳನ್ನು ಕೂಡಿಡುವವರಿಗೆ ಆ ಓಲೆಗಳೆಲ್ಲ ಇರುವುದು ಅಲ್ಲಿಯೇ. ಫೈರ್‌ಫಾಕ್ಸಿನ ಕೋಶವನ್ನು ಇಡಿಯಾಗಿ ತಂದರೆ ಗುಪ್ತಪದಗಳೂ ಜೊತೆಗೇ ಬರುತ್ತವೆ. ಕ್ರೋಮಿನಲ್ಲಿ ಹಾಗಲ್ಲ, ಅದು ಗುಪ್ತಪದಗಳಿಗೆ ಹಳೆಯ ವಿಂಡೋಸಿನ ಖಾತೆಯ ಬೀಗ ಹಾಕಿರುತ್ತದೆ. ಗೂಗಲ್ ಖಾತೆಯಲ್ಲಿ ಪ್ರತಿ ಇಡದವರಿಗೆ ಪೆಟ್ಟಿಗೆ ಬಂದರೂ ಬೀಗದ ಕೈ ಬರುವುದಿಲ್ಲ.

ಇವೆಲ್ಲ ಯಾವ ದೇಶದವರಿಗೂ ಬರುವ ಕಷ್ಟ. ಕನ್ನಡಿಗರಿಗೆಂದೇ ಮೀಸಲಾದ ಕಷ್ಟವೊಂದುಂಟು.

ನಮ್ಮ ಕಾಲೇಜಿನಲ್ಲಿ ಇತಿಹಾಸದ ಹಿರಿಯ ಅಧ್ಯಾಪಕರೊಬ್ಬರಿದ್ದಾರೆ. ಇಪ್ಪತ್ತು ವರ್ಷಗಳ ಹಿಂದೆ ತಾಲ್ಲೂಕಿನ ಹಳ್ಳಿಹಳ್ಳಿಗೆ ಸೈಕಲ್ಲು ತುಳಿದು, ಮುದುಕರ ಬಾಯಿಂದ ಕೆರೆ, ಜಾತ್ರೆ, ಬರಗಾಲಗಳ ಸುದ್ದಿಯನ್ನು ಕೇಳಿ, ರಾತ್ರಿ ಕುಳಿತು ಬೆರಳಚ್ಚು ಮಾಡಿದವರು. ಹೇಳಿದ ಮುದುಕರಲ್ಲಿ ಬಹುಮಂದಿ ಈಗಿಲ್ಲ. ಮತ್ತೆ ಹೋಗಿ ಕೇಳುವಂತಿಲ್ಲ. ಕಳೆದ ವರ್ಷ ಅವರ ಗಣಕಕ್ಕೂ ಫಾರ್ಮ್ಯಾಟ್ ಆಯಿತು. ‘ಡಾಕ್ಯುಮೆಂಟ್ಸ್’ ಕೋಶವನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತುಂಬಿಟ್ಟು, ಹೊಸ ವಿಂಡೋಸ್ ಹಾಕಿಸಿ, ಮತ್ತೆ ಸುರಿದುಕೊಂಡರು. ಕಡತಗಳ ಎಣಿಕೆ ಸರಿ, ಹೆಸರು ಸರಿ, ಗಾತ್ರ ಸರಿ. ತೆರೆದು ನೋಡಿದರೆ ಒಂದಾದರೂ ಕನ್ನಡದ ಅಕ್ಷರವಿಲ್ಲ! ಆಂಗ್ಲ ಅಕ್ಷರಗಳು, ಕೆಲವಕ್ಕೆ ತಲೆಯ ಮೇಲೆ ಟೋಪಿ, ಕೆಲವಕ್ಕೆ ಕೊಂಬು, ನಡುನಡುವೆ ಪೌಂಡಿನ ಚಿಹ್ನೆ. ಅಂಗಡಿಯ ಹುಡುಗ ನೋಡಿ, “ಸಾರ್, ಫೈಲ್ ಕರಪ್ಟ್ ಆಗಿದೆ. ಡಿಲೀಟ್ ಮಾಡಿಬಿಡ್ಲಾ?” ಎಂದನಂತೆ. “ತಡಿಯಪ್ಪಾ” ಎಂದು ಅವನ ಕೈ ಹಿಡಿದು ನಿಲ್ಲಿಸಿ, ಒಂದು ಪುಟವನ್ನು ಅಚ್ಚು ಹಾಕಿಸಿಕೊಂಡು ನಮ್ಮ ವಿಭಾಗಕ್ಕೆ ಬಂದರು. “ಕನ್ನಡ ಮೇಷ್ಟ್ರೇ, ಇದು ಯಾವ ಕಾಲದ ಲಿಪಿ, ಸ್ವಲ್ಪ ನೋಡಿ ಹೇಳಿ.”

ಕಡತಗಳಿಗೆ ಯಾವ ಕೇಡೂ ಆಗಿರಲಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆಗಳನ್ನು ಗೊತ್ತುಮಾಡಿದ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿತ್ತು. ಆದರೆ ವಿಂಡೋಸ್ ತಾನಾಗಿ ಕನ್ನಡವನ್ನು ತೋರಿಸುವಷ್ಟಾದುದು 2001ರ ಎಕ್ಸ್‌ಪಿಯಿಂದ; ಜನಕ್ಕೆ ಅದು ರೂಢಿಯಾಗಲು ಇನ್ನೂ ಬಹುಕಾಲ ಹಿಡಿಯಿತು. ಈ ನಡುವೆ ನುಡಿ, ಬರಹ, ಶ್ರೀಲಿಪಿಗಳು ನಮ್ಮ ಕೆಲಸ ನಡೆಸಿದುವು. ಅವು ಹೂಡಿದ ಉಪಾಯ ಇದು: ಆಂಗ್ಲ ಲಿಪಿಯ ಆಸನಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸುವುದು. ಗಣಕದ ಪಾಲಿಗೆ ಅಲ್ಲಿರುವುದು ಆಂಗ್ಲವೇ. ಅದನ್ನು ಕನ್ನಡವೆಂದು ತೋರಿಸುವುದು ಆ ಫಾಂಟ್ ಒಂದೇ. ಫಾಂಟ್ ಇರುವ ಸ್ಥಳ ಡಾಕ್ಯುಮೆಂಟ್ಸ್ ಅಲ್ಲ, ವಿಂಡೋಸಿನದೇ ಕೋಶ. ಹಳೆಯ ವಿಂಡೋಸಿನೊಡನೆ ಫಾಂಟೂ ಅಳಿಯಿತು. ಮೈ ಬಂದಿತು, ಮುಖ ಬರಲಿಲ್ಲ.

ನಮ್ಮ ನಾಡಿನವರಿಗೆ ಇದು ಹೊಸ ಅನುಭವವೇನೂ ಅಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರನ್ನು ಹೊತ್ತ ಬಂಡೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ನಿಂತಿದೆ. ಅದು ವಿದ್ವಾಂಸರ ಕಣ್ಣಿಗೆ ಬಿದ್ದುದು 1915ರಲ್ಲಿ; ಅಷ್ಟರಲ್ಲಿ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿಯೇ ಬ್ರಾಹ್ಮಿಯ ಗುಟ್ಟನ್ನು ಬಿಡಿಸಿದ್ದುದರಿಂದ ಓದಲಾಯಿತು.

ನಮ್ಮ ಇತಿಹಾಸಕಾರರಿಗೆ ಪ್ರಿನ್ಸೆಪ್ ಬೇಕಾಗಲಿಲ್ಲ. ಕಾಲೇಜಿನ ಕಚೇರಿಯ ಮೂಲೆಯಲ್ಲಿ ಧೂಳು ಹಿಡಿದಿದ್ದ ಹಳೆಯ ಗಣಕದಲ್ಲಿ ಅದೇ ನುಡಿ ಫಾಂಟ್ ಸಿಕ್ಕಿತು. ಪೆನ್ ಡ್ರೈವಿನಲ್ಲಿ ತಂದು ಸ್ಥಾಪಿಸಿದೊಡನೆ ಪುಟ ಕನ್ನಡವಾಯಿತು. ಇಷ್ಟಕ್ಕೇ ನಿಲ್ಲಿಸಿದರೆ ಮುಂದಿನ ಫಾರ್ಮ್ಯಾಟಿನಲ್ಲಿ ಅದೇ ಪಾಡು. ಹಳೆಯ ಸಂಕೇತದಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಅವನ್ನು ಬಳಸಬೇಕು, ಆದರೆ ಕುರುಡಾಗಿ ನಂಬಬಾರದು. ‘ಧರ್ಮ’ ಎಂಬ ಪದವನ್ನೇ ನೋಡಿ. ಅದರ ಅರ್ಕಾವೊತ್ತನ್ನು ಬರೆಯುವುದು ಕೊನೆಯಲ್ಲಿ, ಉಚ್ಚರಿಸುವುದು ಮಕಾರಕ್ಕಿಂತ ಮೊದಲು. ಹಳೆಯ ಫಾಂಟುಗಳು ಬರೆಯುವ ಕ್ರಮವನ್ನು ಹಿಡಿದರೆ ಯೂನಿಕೋಡ್ ಉಚ್ಚಾರದ ಕ್ರಮವನ್ನು ಹಿಡಿಯುತ್ತದೆ. ಪರಿವರ್ತಕ ಎಡವುವುದು ಇಂತಹ ಕಡೆಯಲ್ಲಿಯೇ. ನಡುವೆ ನಿಜವಾಗಿಯೂ ಆಂಗ್ಲದಲ್ಲಿ ಬರೆದ ಹೆಸರುಗಳಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗಿ ಹೊರಬರುವುದುಂಟು. ಒಬ್ಬ ಮನುಷ್ಯ ಕುಳಿತು ಕರಡು ತಿದ್ದದೆ ಗತ್ಯಂತರವಿಲ್ಲ.

ಇನ್ನು ಕೆಲವು ಚಿಲ್ಲರೆ ಮಾತುಗಳು. ಡಿಸ್ಕನ್ನು ಒರಸದೆ ವಿಂಡೋಸನ್ನು ಮೇಲ್ದರ್ಜೆಗೆ ಏರಿಸಿದ್ದರೆ ಹಳೆಯ ಸಂಸಾರವೆಲ್ಲ ‘ವಿಂಡೋಸ್ ಓಲ್ಡ್’ ಎಂಬ ಕೋಶದಲ್ಲಿ ಕುಳಿತಿರುತ್ತದೆ. ಹತ್ತು ದಿನಗಳಾದ ಮೇಲೆ ಅದು ತಾನಾಗಿ ಅಳಿಯುವುದರಿಂದ, ಫಾಂಟನ್ನು ಹುಡುಕುವವರು ಅಷ್ಟರೊಳಗೆ ಹುಡುಕಬೇಕು. ಬಿಟ್‌ಲಾಕರ್ ಬೀಗವಿರುವ ಡಿಸ್ಕಾದರೆ ಅದರ 48 ಅಂಕೆಗಳ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳತಕ್ಕದ್ದು. ಹಿಂದಿರುಗಿಸುವಾಗ ಫಾಂಟ್ ಮೊದಲು, ತಂತ್ರಾಂಶ ಅನಂತರ, ಕಡತ ಕೊನೆಗೆ. ಎಲ್ಲಕ್ಕಿಂತ ಮಿಗಿಲಾಗಿ, ಹಳೆಯದನ್ನು ಒರಸುವ ಮುನ್ನ ಕಟ್ಟಿದ ಗಂಟನ್ನು ಬೇರೊಂದು ಗಣಕದಲ್ಲಿ ಬಿಚ್ಚಿ, ಹತ್ತು ಕಡತಗಳನ್ನಾದರೂ ತೆರೆದು ಓದಿ ನೋಡಬೇಕು. ಇದು ಮೇಷ್ಟರ ಅತಿ ಎಚ್ಚರವೆಂದು ನಗುವವರು ಗಿಟ್‌ಲ್ಯಾಬ್ ಎಂಬ ಸಂಸ್ಥೆಗೆ 2017ರ ಜನವರಿ 31ರಂದು ಆದುದನ್ನು ನೆನೆಯಲಿ. ದತ್ತಾಂಶ ಕಣ್ತಪ್ಪಿನಿಂದ ಅಳಿದಾಗ, ಪ್ರತಿ ಇಡುವ ಐದು ಏರ್ಪಾಡುಗಳಲ್ಲಿ ಒಂದೂ ನೆಚ್ಚುವಂತಿರಲಿಲ್ಲ. ಸುಮಾರು ಆರು ಗಂಟೆಗಳ ಹಿಂದೆ ಬೇರೊಂದು ಕೆಲಸಕ್ಕಾಗಿ ತೆಗೆದಿಟ್ಟಿದ್ದ ಪ್ರತಿಯೊಂದು ಅವರನ್ನು ಕಾಪಾಡಿತು.

ನಮ್ಮ ಸಹೋದ್ಯೋಗಿಗಳು ಈಗ ದಿನಕ್ಕೆ ನಾಲ್ಕು ಪುಟಗಳಂತೆ ತಿದ್ದುತ್ತಿದ್ದಾರೆ. ಹೇಳಿದವರು ಬದುಕಿರುವ ಊರುಗಳ ಕಡತಗಳನ್ನು ಹಿಂದಕ್ಕಿಟ್ಟು, ಹೇಳಿದವರು ಇಲ್ಲದ ಊರುಗಳನ್ನು ಮೊದಲು ಹಿಡಿದಿದ್ದಾರೆ. ಅರ್ಕಾವೊತ್ತಿನ ಸಂಶಯ ಬಂದ ಕಡೆ ಕೆಂಪು ಗೆರೆ ಎಳೆದು ನಮ್ಮ ವಿಭಾಗಕ್ಕೆ ಕಳುಹಿಸುತ್ತಾರೆ.