ದೋಷವನ್ನು ಹೇಳುವ ಬಗೆ

ಕಳೆದ ತಿಂಗಳು ಒಂದು ಭಾನುವಾರ ಸಾಯಂಕಾಲ ನಮ್ಮ ಹಳೆಯ ಶಿಷ್ಯನೊಬ್ಬನು ನಮ್ಮನ್ನು ಕಾಣಲು ಬಂದಿದ್ದನು. ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಭಾಗಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಅವನು ಕ್ವಾಲಿಟಿ ವಿಭಾಗದ ಇಂಜಿನಿಯರನಾಗಿದ್ದಾನೆ. ಆ ವಿಭಾಗದ ಕೆಲಸವೇನೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ನಮ್ಮ ಬೀದಿಯಲ್ಲಿಯೇ ಮೂರು ಮನೆಗಳ ಮಕ್ಕಳು ಈಗ ಇದೇ ವೃತ್ತಿಯಲ್ಲಿರುವರು. ತಯಾರಾದ ವಸ್ತುವು ನಕ್ಷೆಯಲ್ಲಿ ಹೇಳಿದ ಅಳತೆಗೆ ಸರಿಯಾಗಿದೆಯೇ ಎಂದು ನೋಡುವುದು, ಇಲ್ಲದಿದ್ದರೆ ಅದನ್ನು ತಡೆದು ನಿಲ್ಲಿಸುವುದು, ಏಕೆ ಕೆಟ್ಟಿತೆಂದು ಶೋಧಿಸಿ ಮತ್ತೆ ಕೆಡದಂತೆ ಏರ್ಪಾಡು ಮಾಡಿಸುವುದು, ಇವೇ ಅವರ ಕೆಲಸ. ಇನ್ನೊಬ್ಬರ ತಪ್ಪನ್ನು ಎತ್ತಿ ಹೇಳುವುದರಿಂದಲೇ ಅನ್ನ ಸಂಪಾದಿಸತಕ್ಕ ವೃತ್ತಿಯಿದು. ನಾವೂ ಮೂವತ್ತಕ್ಕೂ ಹೆಚ್ಚು ವರ್ಷ ಅದನ್ನೇ ಮಾಡಿ ನಿವೃತ್ತರಾದವರು. ಆದಕಾರಣ ಅವನ ಮಾತು ನಮಗೆ ಬೇಗನೆ ತಾಗಿತು.

"ಮೇಷ್ಟ್ರೇ, ಊಟದ ಹೊತ್ತಿನಲ್ಲಿ ನನ್ನ ಮೇಜಿಗೆ ಯಾರೂ ಬಂದು ಕೂಡುವುದಿಲ್ಲ. ನಾನು ಶಾಪಿನೊಳಗೆ ಕಾಲಿಟ್ಟರೆ ಅಲ್ಲಿ ನಡೆಯುತ್ತಿದ್ದ ಮಾತು ನಿಂತುಹೋಗುತ್ತದೆ" ಎಂದನು.

ಕಾರಣವನ್ನು ಕೇಳಿದಾಗ ಮೊದಲು ಹೇಳಲಿಲ್ಲ. ಕಾಫಿಯಾದ ಮೇಲೆ ಹೇಳಿದನು. ಉಕ್ಕಿನ ಶಾಫ್ಟುಗಳು. ನಕ್ಷೆಯ ಪ್ರಕಾರ ಅವುಗಳ ವ್ಯಾಸವು 24.98 ಮಿಲಿಮೀಟರಿಗೆ ಕಡಿಮೆಯಾಗಬಾರದು, 25.00ನ್ನು ಮೀರಬಾರದು. ಇವನು ಅಳೆದಾಗ 24.97 ಬಂದಿತು. ನಲವತ್ತು ಶಾಫ್ಟುಗಳಿಗೆ ಕೆಂಪು ಚೀಟಿಯನ್ನಂಟಿಸಿ, ಯಂತ್ರದ ಮೇಲಿದ್ದ ಹುಡುಗನ ಹೆಸರನ್ನು ಹೇಳಿ, ಇವನ ಅಲಕ್ಷ್ಯದಿಂದ ಮಾಲು ಹಾಳಾಗಿದೆ, ಈ ವಿಭಾಗದಲ್ಲಿ ಇದೇನೂ ಹೊಸತಲ್ಲವೆಂದು ಇ-ಮೇಲು ಬರೆದು, ಅದರ ನಕಲನ್ನು ಮುಖ್ಯಾಧಿಕಾರಿಗಳವರೆಗೆ ಹನ್ನೊಂದು ಮಂದಿಗೆ ಕಳುಹಿಸಿದನು. ಹುಡುಗನು ಗುತ್ತಿಗೆಯವನು. ಮರುದಿನ ಅವನನ್ನು ಯಂತ್ರದಿಂದ ಇಳಿಸಿದರು. ವಾರದ ಕೊನೆಗೆ ಗುತ್ತಿಗೆದಾರನು ಇನ್ನು ಬರಬೇಡವೆಂದನು. ಅನಂತರ ಎಂಟು ದಿವಸಗಳಾದ ಮೇಲೆ ಆ ಮೈಕ್ರೋಮೀಟರನ್ನು ಪರೀಕ್ಷಿಸಿದರು. ಅದರ ಎರಡು ಮುಖಗಳನ್ನು ಕೂಡಿಸಿದಾಗ ಸೊನ್ನೆ ತೋರಿಸಬೇಕಾದ ಉಪಕರಣವು ಸೊನ್ನೆಗಿಂತ ಎರಡು ಗೆರೆ ಕಡಿಮೆ ತೋರಿಸುತ್ತಿದ್ದಿತು. ಒಂದು ಗೆರೆಯೆಂದರೆ ಮಿಲಿಮೀಟರಿನ ನೂರರಲ್ಲೊಂದು ಭಾಗ. ಎಂದಮೇಲೆ 24.97 ಎಂದು ಕಂಡ ಶಾಫ್ಟು ನಿಜವಾಗಿ 24.99 ಇದ್ದಿತು. ಮಾಲು ಸರಿಯಾಗಿಯೇ ಇದ್ದಿತು.

ಅವನು ತಲೆತಗ್ಗಿಸಿ ಕುಳಿತನು. ಅವನನ್ನು ಗದರಿಸುವ ಮನಸ್ಸು ನಮಗೆ ಬರಲಿಲ್ಲ. ಏಕೆಂದರೆ ನಮಗೆ ನಮ್ಮದೇ ಒಂದು ಸಂಗತಿ ನೆನಪಾಯಿತು. ನಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಂಸ್ಕೃತದ ಪುಸ್ತಕಗಳನ್ನು ತಿದ್ದಿ, ಅವುಗಳಲ್ಲಿನ ತಪ್ಪುಗಳನ್ನು ತರಗತಿಯ ಮುಂದೆ ಗಟ್ಟಿಯಾಗಿ ಓದುವ ಪದ್ಧತಿಯನ್ನಿಟ್ಟುಕೊಂಡಿದ್ದೆವು. ಒಬ್ಬ ಹುಡುಗನು ಹರಿಶಬ್ದದ ಚತುರ್ಥೀ ವಿಭಕ್ತಿಯನ್ನು ರಾಮಶಬ್ದದಂತೆ ಬರೆದಿದ್ದನು. ನಾವು ಓದಿದೆವು, ಎಲ್ಲರೂ ನಕ್ಕರು, ನಾವೂ ನಕ್ಕೆವೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ಮುಂದಿನ ತಿಂಗಳುಗಳಲ್ಲಿ ಪುಸ್ತಕಗಳಲ್ಲಿ ತಪ್ಪುಗಳು ಬಹಳ ಕಡಿಮೆಯಾದವು. ನಮ್ಮ ಬೋಧನೆಯ ಫಲವಿದೆಂದು ಹಿಗ್ಗಿದೆವು. ವಾರ್ಷಿಕ ಪರೀಕ್ಷೆಯಲ್ಲಿ ತಿಳಿಯಿತು, ತರಗತಿಯಲ್ಲಿ ಮುಕ್ಕಾಲು ಮಂದಿ ಮೊದಲ ಬೆಂಚಿನ ಜಾಣನೊಬ್ಬನ ಪುಸ್ತಕವನ್ನು ನೋಡಿ ಬರೆದು ತರುತ್ತಿದ್ದರೆಂದು. ತಪ್ಪುಗಳು ಹೋಗಿರಲಿಲ್ಲ; ಅವು ನಮ್ಮ ಕಣ್ಣಿಗೆ ಬೀಳದ ಜಾಗಕ್ಕೆ ಹೋಗಿದ್ದವು.

ಕಾರ್ಖಾನೆಯಲ್ಲಿಯೂ ಹೀಗೆಯೇ ಆಗುವುದೆಂದು ಅವನಿಗೆ ಹೇಳಿದೆವು. ದೋಷವನ್ನು ಹೇಳಿದವನಿಗೆ ಶಿಕ್ಷೆಯಾಗುವುದೆಂದು ಒಮ್ಮೆ ತಿಳಿದರೆ, ಕೆಟ್ಟ ಶಾಫ್ಟನ್ನು ಯಾರೂ ಮೇಜಿನ ಮೇಲೆ ತಂದಿಡುವುದಿಲ್ಲ. ಒಳ್ಳೆಯವುಗಳ ನಡುವೆ ಸೇರಿಸಿಬಿಡುತ್ತಾರೆ. ಅಮೆರಿಕದ ಡೆಮಿಂಗ್ ಎಂಬ ಪಂಡಿತರು 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಇಂಜಿನಿಯರುಗಳಿಗೂ ಯಜಮಾನರಿಗೂ ಗುಣನಿಯಂತ್ರಣದ ಪಾಠ ಹೇಳಿದವರು. ಅವರು ಮುಂದೆ ಬರೆದಿಟ್ಟ 14 ಸೂತ್ರಗಳಲ್ಲಿ ಎಂಟನೆಯದು, ಕೆಲಸದ ಸ್ಥಳದಿಂದ ಭಯವನ್ನು ಹೊರಗಟ್ಟಬೇಕೆಂಬುದು. ತೊಂದರೆಗಳಲ್ಲಿ ನೂರಕ್ಕೆ 94ರಷ್ಟು ಏರ್ಪಾಡಿನ ದೋಷದಿಂದ ಬರತಕ್ಕವು, ಅವುಗಳ ಹೊಣೆ ಆಡಳಿತದವರದು ಎಂಬುದು ಅವರ ಅಂದಾಜು. ಈ ಲೆಕ್ಕವನ್ನು ನಮ್ಮ ಶಿಷ್ಯನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದನು. ಇ-ಮೇಲು ಬರೆಯುವಾಗ ಅದು ನೆನಪಿಗೆ ಬರಲಿಲ್ಲ. ಬಾಯಿಪಾಠದ ಗತಿಯೇ ಹಾಗೆ, ನಾವದನ್ನು ಬಲ್ಲೆವು.

ಆಮೇಲೆ ಅವನ ಪತ್ರವನ್ನು ಎದುರಿಗಿಟ್ಟುಕೊಂಡು, ಹಿಂದೆ ಪ್ರಬಂಧವನ್ನು ತಿದ್ದುತ್ತಿದ್ದಂತೆ ತಿದ್ದತೊಡಗಿದೆವು. ಮೊದಲು ಕಣ್ಣಿಗೆ ಬಿದ್ದುದು 'ಅಲಕ್ಷ್ಯ' ಎಂಬ ಪದ. "ಇದನ್ನು ನೀನು ಕಂಡೆಯೋ?" ಎಂದು ಕೇಳಿದೆವು. ಕಂಡಿರಲಿಲ್ಲ. ಅವನು ಕಂಡುದು 24.97 ಎಂಬ ಅಂಕಿಯೊಂದೇ. ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಅಂಕಿಯು ಪ್ರತ್ಯಕ್ಷ. ಅಲಕ್ಷ್ಯವು ಅನುಮಾನ, ಅದೂ ಹೇತುವಿಲ್ಲದ ಅನುಮಾನ. ಪ್ರತ್ಯಕ್ಷವಾದರೂ ಇಲ್ಲಿ ನೆಟ್ಟಗಿರಲಿಲ್ಲ. ಕಾಮಾಲೆಯಾದವನಿಗೆ ಬಿಳಿಯ ಶಂಖವು ಹಳದಿಯಾಗಿ ತೋರುವುದೆಂಬ ಉದಾಹರಣೆಯನ್ನು ನಮ್ಮ ಶಾಸ್ತ್ರಕಾರರು ಕೊಡುತ್ತಾರೆ. ಮೈಕ್ರೋಮೀಟರಿಗೂ ಕಾಮಾಲೆಯಾಗಬಹುದು. ಆದುದರಿಂದ ಪರೀಕ್ಷಕನು ಇನ್ನೊಬ್ಬರನ್ನು ಪ್ರಶ್ನಿಸುವುದಕ್ಕೆ ಮೊದಲು ತನ್ನ ಉಪಕರಣದ ಸೊನ್ನೆಯನ್ನು ನೋಡಿಕೊಳ್ಳತಕ್ಕದ್ದು. ಸಾಧ್ಯವಾದರೆ ಇನ್ನೊಂದು ಉಪಕರಣದಿಂದ ಇನ್ನೊಬ್ಬರ ಕೈಯಲ್ಲಿ ಅಳೆಯಿಸತಕ್ಕದ್ದು.

ಪತ್ರವನ್ನು ಬರೆಯುವ ಕ್ರಮಕ್ಕೂ ಆ ಶಾಸ್ತ್ರವೇ ನೆರವಿಗೆ ಬಂದಿತು. ಪರ್ವತದಲ್ಲಿ ಹೊಗೆಯನ್ನು ಕಂಡು ಬೆಂಕಿಯುಂಟೆಂದು ಪರರಿಗೆ ತಿಳಿಸಬೇಕಾದರೆ ನೈಯಾಯಿಕರು ಐದು ಅವಯವಗಳ ವಾಕ್ಯವನ್ನು ವಿಧಿಸುತ್ತಾರೆ. ಮೀಮಾಂಸಕರು ಮೂರೇ ಸಾಕೆನ್ನುತ್ತಾರೆ. ಐ.ಎಸ್.ಓ. 9001 ಎಂಬ ಮಾನಕವು 1987ರಲ್ಲಿ ಮೊದಲು ಪ್ರಕಟವಾದುದಷ್ಟೆ. ಅದರ ಆಡಿಟರುಗಳಿಗೆ ಕಲಿಸುವುದೂ ಮೂರೇ ಅಂಗಗಳೆಂದು ನಮ್ಮ ಶಿಷ್ಯನು ಹೇಳಿದಾಗ ನಮಗೆ ಸಂತೋಷವಾಯಿತು. ಏನಿರಬೇಕಾಗಿತ್ತು, ಏನು ಕಂಡುಬಂದಿತು, ಆದಕಾರಣ ವ್ಯತ್ಯಾಸವೇನು. ಇಬ್ಬರೂ ಕೂಡಿ ಬರೆದ ಹೊಸ ವಾಕ್ಯಗಳು ಹೀಗಿದ್ದವು: ನಕ್ಷೆಯಂತೆ ವ್ಯಾಸವು 24.98ರಿಂದ 25.00 ಮಿಲಿಮೀಟರ್ ಇರತಕ್ಕದ್ದು. ಇಂಥ ತಾರೀಖು, ಎರಡನೆಯ ಶಿಫ್ಟಿನಲ್ಲಿ, ಇಂಥ ಯಂತ್ರದ 40 ಶಾಫ್ಟುಗಳನ್ನು ಇಂಥ ಸಂಖ್ಯೆಯ ಮೈಕ್ರೋಮೀಟರಿನಿಂದ ಅಳೆಯಲಾಗಿ 24.97 ಕಂಡುಬಂದಿತು. ಅಳತೆಯು ಕೆಳಗಿನ ಮಿತಿಗಿಂತ ಕಡಿಮೆಯಾದುದರಿಂದ ಕಾರಣವು ತಿಳಿಯುವವರೆಗೆ ಇವನ್ನು ಬೇರೆ ಇರಿಸಿದೆ. ಇದರಲ್ಲಿ ಯಾರ ಹೆಸರೂ ಇಲ್ಲ, ಗುಣವಾಚಕವೂ ಇಲ್ಲ. ಆದರೆ ಮೈಕ್ರೋಮೀಟರಿನ ಸಂಖ್ಯೆಯುಂಟು. ಅದೊಂದನ್ನು ಅಂದು ಬರೆದಿದ್ದರೆ, ಅದರ ಪರೀಕ್ಷೆ ಎಂದು ಆಯಿತೆಂದು ಹನ್ನೊಂದು ಮಂದಿಯಲ್ಲಿ ಒಬ್ಬರಾದರೂ ಕೇಳುತ್ತಿದ್ದರು.

ಆ ಹನ್ನೊಂದು ಮಂದಿಯ ವಿಷಯವಾಗಿಯೂ ಒಂದು ಮಾತು. ನಕಲು ಕಳುಹಿಸುವುದು ತಿಳಿಸಬೇಕಾದವರಿಗೆ ತಿಳಿಸಲೆಂದು. ಈಗ ಅದು ಬೀದಿಯಲ್ಲಿ ನಿಲ್ಲಿಸಿ ಬೈಯುವುದಕ್ಕೆ ಬದಲಾಗಿ ಬಂದಿದೆ. ಸೊಸೆಯ ಸಾರಿಗೆ ಉಪ್ಪು ಹೆಚ್ಚಾದುದನ್ನು ಅಡಿಗೆಮನೆಯಲ್ಲಿ ಹೇಳುವುದು ಬೇರೆ, ಬೀಗರ ಪಂಕ್ತಿಯಲ್ಲಿ ಹೇಳುವುದು ಬೇರೆ. ಮೊದಲು ಯಂತ್ರದ ಬಳಿಗೆ ಹೋಗಿ, ಶಾಫ್ಟನ್ನು ಆ ಕೆಲಸಗಾರನ ಕೈಗೆ ಕೊಟ್ಟು, ಅವನಿಂದಲೇ ಅಳೆಯಿಸಿ, ಆಮೇಲೆ ಕಾಗದಕ್ಕೆ ಬರಬೇಕು. ಕೇಳುವ ಪ್ರಶ್ನೆಯೂ 'ಏಕೆ ಹೀಗೆ ಮಾಡಿದೆ' ಎಂದಿರಬಾರದು; 'ಇದು ಹೇಗೆ ಹೀಗಾಗುತ್ತದೆ' ಎಂದಿರಬೇಕು. ಮೊದಲನೆಯದಕ್ಕೆ ನೆಪವು ಬರುತ್ತದೆ, ಎರಡನೆಯದಕ್ಕೆ ಸಂಗತಿಯು ಬರುತ್ತದೆ.

ಇಷ್ಟನ್ನು ಕೇಳಿ ನಮ್ಮ ಶಿಷ್ಯನು, "ಹಾಗಾದರೆ ಎಲ್ಲರಿಗೂ ಹಿತವಾಗುವಂತೆ ಮಾತನಾಡಿಕೊಂಡಿರಬೇಕೆ?" ಎಂದನು. ಅಲ್ಲ, ಇಲ್ಲಿ ಅನೇಕರು ಎಡವುತ್ತಾರೆ. ಅಮೆರಿಕದ ಚಾಲೆಂಜರ್ ಎಂಬ ವ್ಯೋಮನೌಕೆಯು 1986ನೆಯ ಜನವರಿ 28ರಂದು ಮೇಲಕ್ಕೆದ್ದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಅದರಲ್ಲಿದ್ದ ಏಳು ಮಂದಿಯೂ ಮಡಿದರು. ರಾಕೆಟ್ಟಿನ ಭಾಗಗಳು ಕೂಡುವ ಸಂದಿನಲ್ಲಿದ್ದ ರಬ್ಬರಿನ ಬಳೆಯು ಚಳಿಯಲ್ಲಿ ತನ್ನ ಕೆಲಸ ಮಾಡಲಿಲ್ಲ. ಆ ರಾಕೆಟ್ಟನ್ನು ಮಾಡಿದ ಕಂಪನಿಯ ಇಂಜಿನಿಯರ್ ರೋಜರ್ ಬೊಯಿಜೊಲಿಯವರು ಆರು ತಿಂಗಳ ಹಿಂದೆಯೇ, 1985ನೆಯ ಜುಲೈ 31ರಂದು, ಪ್ರಾಣಹಾನಿಯಾದೀತೆಂದು ಸ್ಪಷ್ಟವಾಗಿ ಬರೆದು ಎಚ್ಚರಿಸಿದ್ದರು. ಹಾರುವ ಹಿಂದಿನ ರಾತ್ರಿ ಇಂಜಿನಿಯರುಗಳು ಸುಮಾರು 12 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆ ಚಳಿಯಲ್ಲಿ ಹಾರಿಸಕೂಡದೆಂದರು; ಮರುದಿನ ಸುಮಾರು 2 ಡಿಗ್ರಿ ಇದ್ದಿತು. ಆಗ ಹಿರಿಯ ಅಧಿಕಾರಿಯೊಬ್ಬರು ಇನ್ನೊಬ್ಬರಿಗೆ, ಇಂಜಿನಿಯರನ ಟೊಪ್ಪಿಗೆಯನ್ನು ತೆಗೆದು ಆಡಳಿತಗಾರನ ಟೊಪ್ಪಿಗೆಯನ್ನು ಹಾಕಿಕೊಳ್ಳೆಂದರಂತೆ, ನಿರ್ಣಯವು ಬದಲಾಯಿತು. ಗುಣಪರೀಕ್ಷಕನಿಗೆ ಎರಡನೆಯ ಟೊಪ್ಪಿಗೆಯಿಲ್ಲ. ಮಾಲು ಹೋಗಕೂಡದೆಂದಿದ್ದರೆ ಪತ್ರದ ಮೊದಲ ಸಾಲಿನಲ್ಲಿಯೇ ಹೋಗಕೂಡದೆಂದಿರಬೇಕು. ಮೂರನೆಯ ಪುಟದಲ್ಲಿ, 'ಪರಿಶೀಲಿಸಬಹುದು' ಎಂಬ ಮುಸುಕಿನೊಳಗಲ್ಲ. ಮೇಲಿನವರು ಅದನ್ನು ಮೀರಿ ಕಳುಹಿಸಿದರೆ ಆ ನಿರ್ಣಯವನ್ನು ಅವರ ಹೆಸರಿನಲ್ಲಿ ಬರಹದಲ್ಲಿ ಕೇಳಬೇಕು. ಮನುಷ್ಯನ ವಿಷಯದಲ್ಲಿ ಮೃದುವಾಗಿರುವುದಕ್ಕೂ ಅಳತೆಯ ವಿಷಯದಲ್ಲಿ ಸಡಿಲವಾಗಿರುವುದಕ್ಕೂ ಸಂಬಂಧವಿಲ್ಲ. ನಮ್ಮ ಅನುಭವದಲ್ಲಿ, ಕೆಳಗಿನವರಿಗೆ ಕಠಿಣವಾಗಿ ಮಾತನಾಡುವವರೇ ಮೇಲಿನವರ ಮುಂದೆ ಬೇಗ ಸಡಿಲವಾಗುತ್ತಾರೆ.

ಇನ್ನು ಸಭೆಗಳಲ್ಲಿ ನಡೆಯುವ ವಾಗ್ವಾದವನ್ನು ಕುರಿತು ಹೇಳಲು ಹೊತ್ತಾಗಿದ್ದಿತು. ಮಾತಿನ ಕಥೆಯು ವಾದ, ಜಲ್ಪ, ವಿತಂಡೆಗಳೆಂದು ಮೂರು ಬಗೆ. ನಿಜವನ್ನರಿಯಲು ಆಡುವುದು ಮೊದಲನೆಯದು, ಗೆಲ್ಲಲು ಆಡುವುದು ಎರಡನೆಯದು, ಎದುರಾಳಿಯನ್ನು ಕೆಡವಲು ಮಾತ್ರ ಆಡುವುದು ಮೂರನೆಯದು ಎಂದು ಹೇಳಿ ಬಸ್ಸಿಗೆ ಕಳುಹಿಸಿದೆವು. ಮುಂದೆ ಏನು ಮಾಡಬೇಕೆಂದು ಅವನೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಹೋದ ಗುರುವಾರ ಅವನು ಫೋನು ಮಾಡಿದ್ದನು. ಅದೇ ಹನ್ನೊಂದು ಮಂದಿಗೆ, ತನ್ನ ಹಿಂದಿನ ಪತ್ರವು ತಪ್ಪು, ಮೈಕ್ರೋಮೀಟರಿನ ದೋಷವು ಇಷ್ಟು, ಶಾಫ್ಟುಗಳು ಸರಿಯಾಗಿವೆ ಎಂದು ಬರೆದನಂತೆ. ಆಮೇಲೆ ಗುತ್ತಿಗೆದಾರನಿಂದ ವಿಳಾಸವನ್ನು ಪಡೆದು ಲಗ್ಗೆರೆಯಲ್ಲಿ ಆ ಹುಡುಗನ ಕೊಠಡಿಗೆ ಹೋದನು. ಹುಡುಗನಿಗೆ ಬೇರೊಂದು ಕಡೆ ಕೆಲಸವಾಗಿದೆ, ಕೂಲಿ ಸ್ವಲ್ಪ ಕಡಿಮೆ. ಮರಳಿ ಬರಲು ಮನಸ್ಸಿಲ್ಲವೆಂದನು. ಇವನು ಹೊರಟು ನಿಂತಾಗ ಅವನು ಕೇಳಿದನಂತೆ: "ಸಾರ್, ಮೊದಲಿನ ಮೇಲಿನಲ್ಲಿ ನನ್ನ ಹೆಸರಿತ್ತಲ್ಲ, ಈಗಿನದರಲ್ಲಿಯೂ ಹಾಕಿದ್ದೀರಾ?"

ಹಾಕಿರಲಿಲ್ಲ. ಮರುದಿನ ಬೆಳಿಗ್ಗೆ ಮೂರನೆಯ ಪತ್ರವನ್ನು ಬರೆದು, ಇಂಥವನದು ತಪ್ಪಿರಲಿಲ್ಲವೆಂದು ಅವನ ಹೆಸರನ್ನು ಹೇಳಿ ಕಳುಹಿಸಿದನು. ಈಗ ಊಟದ ಮೇಜಿಗೆ ಒಬ್ಬರು ಬಂದು ಕೂಡುತ್ತಿದ್ದಾರಂತೆ.