ಹಿನ್ನೆಲೆ ಬಿಟ್ಟು ಬಾ ಎಂದವರಿಗೆ

ನಾನು ಆಪ್ತಸಮಾಲೋಚನೆಯ ತರಬೇತಿಯಲ್ಲಿರುವವನು. ಕೌನ್ಸೆಲರ್ ಅಂತಾರಲ್ಲ, ಅದು. ಊರಿಗೆ ಹೋದಾಗ ಅವ್ವನಿಗೆ ಇದನ್ನು ವಿವರಿಸಿದೆ. 'ಮಾತಾಡ್ಸೋ ಕೆಲ್ಸಕ್ಕೂ ಸಂಬಳ ಕೊಟ್ಟಾರಾ?' ಎಂದಳು. ಸ್ವಲ್ಪ ಹೊತ್ತು ಬಿಟ್ಟು ತಾನೇ ಹೇಳಿದಳು: 'ನಮ್ಮುನ್ನ ಕೂರ್ಸ್ಕಂಡು ಯಾರ್ ಮಾತಾಡ್ಸಿದ್ರು ಬುಡು.' ನನ್ನ ಪಾಲಿಗೆ ಮನಶ್ಶಾಸ್ತ್ರದ ಮೊದಲ ಪಾಠ ಅದೇ.

ಎರಡನೆಯ ಪಾಠ ತರಗತಿಯಲ್ಲಾಯಿತು. 'ಸಮಾಲೋಚಕ ತಟಸ್ಥನಾಗಿರಬೇಕು. ನಿಮ್ಮ ಜಾತಿ, ಊರು, ಸಿಟ್ಟು, ಹಿನ್ನೆಲೆ ಎಲ್ಲವನ್ನೂ ಚಪ್ಪಲಿ ಥರ ಬಾಗಿಲ ಹೊರಗೆ ಬಿಟ್ಟು ಬನ್ನಿ' ಎಂದರು ಗುರುಗಳು. ಎಲ್ಲರೂ ಬರೆದುಕೊಂಡರು. ನಾನೂ ಬರೆದುಕೊಂಡೆ. ಚಪ್ಪಲಿ ಬಿಡುವುದು ನಮಗೇನು ಹೊಸದೇ ಸ್ವಾಮಿ? ಗೌಡರ ಬೀದಿಯಲ್ಲಿ ನನ್ನ ಅಜ್ಜ ಅದನ್ನು ಕೈಯಲ್ಲಿ ಹಿಡಿದೇ ನಡೆದವನು.

ಆದರೆ ಹಿನ್ನೆಲೆ ಬಿಟ್ಟು ಬಂದವರು ಯಾರು? ಪಾಠಕ್ಕೆ ಕೊಡುವ ಉದಾಹರಣೆಗಳನ್ನು ನೋಡಿ. ಆಫೀಸಿನ ಒತ್ತಡ, ಅತ್ತೆ ಸೊಸೆ ಜಗಳ, ಅಮೆರಿಕಕ್ಕೆ ಹೋದ ಮಗ. ಅವೂ ನೋವೇ, ನಾನು ಹೀಯಾಳಿಸುವುದಿಲ್ಲ. ಆದರೆ ಮಲದ ಗುಂಡಿಗೆ ಇಳಿದವನ ಹೆಂಡತಿ ಆ ಪಟ್ಟಿಯಲ್ಲಿ ಯಾಕಿಲ್ಲ? ಅವರ ಹಿನ್ನೆಲೆಗೆ 'ಸಾಮಾನ್ಯ' ಎಂದು ಹೆಸರು. ನನ್ನ ಹಿನ್ನೆಲೆಗೆ 'ಪೂರ್ವಗ್ರಹ' ಎಂದು ಹೆಸರು.

ಒಂದು ದಿನ ಅಣಕು ಸಮಾಲೋಚನೆ ನಡೆಯಿತು. ನಿಜವಾಗಿ ನೋವು ತೋಡಿಕೊಂಡವರ ಕಥೆ ನಾನು ಬರೆಯುವುದಿಲ್ಲ, ಗುಟ್ಟು ಕಾಯುವುದು ಈ ಕೆಲಸದ ಮೊದಲ ನೀತಿ. ಅಣಕಿನಲ್ಲಿ ಸಹಪಾಠಿಯೊಬ್ಬ ಹಾಸ್ಟೆಲ್ ಹುಡುಗನಾಗಿ ಕೂತ. 'ಎಲ್ರೂ ನನ್ನ ಕೀಳಾಗಿ ನೋಡ್ತಾರೆ ಸಾರ್, ನಿದ್ದೆ ಬರಲ್ಲ' ಎಂದ. 'ತಪ್ಪು ಆಲೋಚನೆ ಅಂತ ಬರೆದುಕೊಳ್ಳಿ, ಉಸಿರಾಟ ಹೇಳಿಕೊಡಿ' ಎಂದರು ಗುರುಗಳು. ನಾನು ಹಾಗೆ ಮಾಡಲಿಲ್ಲ. ಯಾರು? ಎಲ್ಲಿ? ಏನಂದರು? ಎಂದು ಕೇಳಿದೆ. ಸೀಟಿನ ಕೆಟಗರಿ ಗೊತ್ತಾದ ದಿನದಿಂದ ಪಕ್ಕದಲ್ಲಿ ತಟ್ಟೆ ಇಡುವವರಿಲ್ಲ ಎಂದ. 'ಇದು ಚಿಕಿತ್ಸೆಯಲ್ಲ, ರಾಜಕೀಯ' ಎಂದು ನನ್ನ ಅಂಕ ಕತ್ತರಿಸಿದರು.

ಆಲೋಚನೆಯನ್ನು ತಿದ್ದುವ ಈ ಚಿಕಿತ್ಸೆಯನ್ನು 1960ರ ದಶಕದಲ್ಲಿ ರೂಪಿಸಿದ ಅಮೆರಿಕದ ವೈದ್ಯ ಆರನ್ ಬೆಕ್ ಕೂಡ ಆಲೋಚನೆಗೆ ಸಾಕ್ಷ್ಯವಿದೆಯೇ ಎಂದು ಮೊದಲು ಪರೀಕ್ಷಿಸು ಎಂದವನೇ. ಸಾಕ್ಷ್ಯ ಕೇಳಿದರೆ ಜಾತಿ ಹೊರಬರುತ್ತದೆ. ಅದಕ್ಕೇ ಇವರು ಕೇಳುವುದಿಲ್ಲ.

ಗೆಳೆಯರೇ, ಇದು ಇಂದಿನ ಹುನ್ನಾರವಲ್ಲ. 1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ಒಂದು ಹೊಸ ರೋಗ ಕಂಡುಹಿಡಿದ. ಒಡೆಯನಿಂದ ತಪ್ಪಿಸಿಕೊಂಡು ಓಡಿಹೋಗುವ ಗುಲಾಮರಿಗೆ 'ಡ್ರಾಪೆಟೊಮೇನಿಯಾ' ಎಂಬ ಮನೋರೋಗವಿದೆ ಎಂದ. ಅದಕ್ಕೆ ಅವನು ಬರೆದ ಔಷಧಿಗಳಲ್ಲಿ ಚಾವಟಿ ಏಟೂ ಒಂದು! ಜೀತ ಬಿಟ್ಟು ಓಡಿದವನಿಗೆ 'ತಲೆ ಕೆಟ್ಟದೆ' ಎಂದ ನಮ್ಮೂರ ಧಣಿಗೂ ಈ ವೈದ್ಯನಿಗೂ ಪದವಿಯೊಂದೇ ವ್ಯತ್ಯಾಸ.

ಇನ್ನೊಬ್ಬ ವೈದ್ಯನೂ ಇದ್ದ. ಮಾರ್ಟಿನಿಕ್ ದ್ವೀಪದ ಕಪ್ಪು ಮನುಷ್ಯ ಫ್ರಾಂಟ್ಜ್ ಫ್ಯಾನನ್. 1953ರಲ್ಲಿ ಫ್ರೆಂಚರ ಕೈಕೆಳಗಿದ್ದ ಅಲ್ಜೀರಿಯಾದ ಬ್ಲಿಡಾ ಮಾನಸಿಕ ಆಸ್ಪತ್ರೆಗೆ ಸೇರಿದ. ತನ್ನ ನೆಲದಲ್ಲೇ ಪರಕೀಯರಾದ ಜನರನ್ನು ಅದೇ ವ್ಯವಸ್ಥೆಗೆ ಹೊಂದಿಸಿ ಕಳಿಸುವುದು ಚಿಕಿತ್ಸೆಯಲ್ಲ ಎಂದು ಕಂಡುಕೊಂಡ. 1956ರಲ್ಲಿ ಕೆಲಸಕ್ಕೆ ರಾಜೀನಾಮೆ ಎಸೆದು ವಿಮೋಚನಾ ಹೋರಾಟದ ಕಡೆ ನಡೆದ. ಅವನು ತನ್ನ ಹಿನ್ನೆಲೆಯನ್ನು ಬಾಗಿಲ ಹೊರಗೆ ಬಿಟ್ಟಿದ್ದರೆ ಇದು ಕಾಣುತ್ತಿತ್ತೆ?

ಹಾಗಾದರೆ ನನ್ನ ದಾರಿ ಯಾವುದು? ನೇರವಾಗಿ ಹೇಳುತ್ತೇನೆ. 'ಅವರು ನನ್ನನ್ನು ಕೀಳಾಗಿ ಕಾಣುತ್ತಾರೆ' ಎಂಬುದು ಸತ್ಯ. 'ನಾನು ಕೀಳು' ಎಂಬುದು ಸುಳ್ಳು. ಸಾವಿರಾರು ವರ್ಷಗಳ ಜಾತಿವ್ಯವಸ್ಥೆ ಈ ಎರಡನ್ನೂ ಒಂದೇ ಹಗ್ಗವಾಗಿ ಹೊಸೆದು ನಮ್ಮ ಕೊರಳಿಗೆ ಹಾಕಿದೆ. ಆ ಎಳೆಗಳನ್ನು ಬಿಡಿಸುವುದೇ ಸಮಾಲೋಚಕನ ಕೆಲಸ. ಸತ್ಯವನ್ನು ಭ್ರಮೆ ಎಂದರೆ ಅವನು ಇನ್ನೊಮ್ಮೆ ಒಂಟಿಯಾಗುತ್ತಾನೆ. ಸುಳ್ಳನ್ನು ಹಾಗೇ ಬಿಟ್ಟರೆ ಅದು ಅವನನ್ನು ತಿನ್ನುತ್ತದೆ. 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದಾಗ ಬಾಬಾಸಾಹೇಬರು ನೀಗಿಸಿದ್ದು ಬರೀ ಬಾಯಾರಿಕೆಯನ್ನೇ?

ಹಾಗಂತ ರೋಗವೇ ಇಲ್ಲ ಎನ್ನುವ ಮೂರ್ಖತನ ನನ್ನದಲ್ಲ. ಮಾತ್ರೆ ಬೇಕಾದವರಿಗೆ ಮಾತ್ರೆ ಬೇಕೇ ಬೇಕು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ್ದು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಬೇರೆ ಬೇರೆ ಕಾಯಿಲೆಗಳಲ್ಲಿ ಶೇಕಡಾ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ ಎಂದು ಅದು ಹೇಳಿತು. ನಮ್ಮ ಕೇರಿಯಲ್ಲಿ ಈಗಲೂ ಮೊದಲು ಬರುವುದು ನಿಂಬೆಹಣ್ಣು, ತಾಯತ, ಬೇವಿನಸೊಪ್ಪಿನ ಏಟು. ಇದನ್ನು ಸಂಸ್ಕೃತಿ ಎಂದು ನಾನು ಹಾಡಿ ಹೊಗಳಲಾರೆ. ಹೊರಗೆ ಅವಮಾನ ನುಂಗಿ, ಹೆಂಡ ಕುಡಿದು, ಒಳಗೆ ಹೆಂಡತಿಗೆ ಬಡಿಯುವ ಅಣ್ಣನನ್ನೂ ಜಾತಿಯ ಹೆಸರಲ್ಲಿ ಕ್ಷಮಿಸಲಾರೆ. ಅವಳ ನೋವನ್ನು ಕೇಳುವವರು ಯಾರು?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಜಾತಿಭೇದವಿಲ್ಲದೆ ಚಿಕಿತ್ಸೆ ಪಡೆಯುವುದು ಹಕ್ಕು ಎಂದಿದೆ. ಒಬ್ಬನ ಸಾಮಾಜಿಕ ಸ್ಥಾನಮಾನ ನೋಡಿ ಅವನಿಗೆ ಮನೋರೋಗವಿದೆ ಎಂದು ತೀರ್ಮಾನಿಸಕೂಡದು ಎಂದೂ ಬರೆದಿದೆ. ಕಾಯ್ದೆ ಪುಸ್ತಕದಲ್ಲಿದೆ. ಕುರ್ಚಿಯಲ್ಲಿ ಕೂತವರ ತಲೆಯೊಳಗೆ ಇಳಿದಿದೆಯೇ?

ಹಳ್ಳಿಯ ಮೇಷ್ಟ್ರುಗಳೇ, ಮೇಡಂಗಳೇ, ಹಿಂದಿನ ಬೆಂಚಿನಲ್ಲಿ ಮಾತು ಬಿಟ್ಟು ಕೂತ ಮಗುವನ್ನು 'ಏನ್ ರೋಗ ನಿಂಗೆ?' ಎನ್ನಬೇಡಿ. 'ಏನಾಯ್ತು ಮಗ?' ಎನ್ನಿ. ಉತ್ತರ ನಿಮ್ಮ ಶಾಲೆಯತ್ತಲೇ ಬೆರಳು ತೋರಿದರೂ ಕೇಳಿಸಿಕೊಳ್ಳಿ. ಆಮೇಲೆ ಆಸ್ಪತ್ರೆಯ ದಾರಿ ತೋರಿಸಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮನಸ್‌ನವರು ದುಡ್ಡಿಲ್ಲದೆ ಮಾತಾಡುತ್ತಾರೆ, ಅದನ್ನೂ ಗೋಡೆಯ ಮೇಲೆ ಬರೆಯಿರಿ. ಓದುತ್ತಿರುವ ತಮ್ಮ ತಂಗಿಯರೇ, ಈ ವಿದ್ಯೆಗೆ ನೀವೂ ಬನ್ನಿ. ನಮ್ಮವರ ಮಾತು ನಮ್ಮವರಿಗೆ ತಿಳಿಯುವಂತೆ ಕೇಳುವ ಕಿವಿಗಳು ಬೇಕಾಗಿವೆ.

ಕತ್ತರಿಸಿದ ಅಂಕ ಗುರುಗಳ ಹತ್ತಿರವೇ ಇರಲಿ. ತರಬೇತಿ ಮುಗಿಸುತ್ತೇನೆ, ಅವ್ವನಂಥವರನ್ನು ಕೂರಿಸಿಕೊಂಡು ಮಾತಾಡಿಸುತ್ತೇನೆ. ಆ ಕೋಣೆಗೆ ಚಪ್ಪಲಿ ಮೆಟ್ಟಿಕೊಂಡೇ ಬರುತ್ತೇನೆ. ಬರುವವರೂ ಹಾಗೇ ಬರಲಿ.